ಬ್ರೌಸರ್ ಮೂಲಕ ಸರ್ವರ್‌ಗೆ ಫೈಲ್ ಕಳುಹಿಸುವುದು, ವಾಪಸ್ ತರುವುದು: ತಿಳಿದಿರಬೇಕಾದ ಕೆಲವು ಸಂಗತಿಗಳು

ನಮ್ಮ ಊರಿನ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಹನ್ನೊಂದು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ನಾನು ಕಂಪ್ಯೂಟರ್ ಓದಿದವನಲ್ಲ. ಪಿಯುಸಿ ಮುಗಿಸಿ ತಂದೆಯವರ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನು. "ನಿಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಇದೆಯಲ್ಲ, ನೀವೇ ನೋಡಿಕೊಳ್ಳಿ" ಎಂದು ಆಗಿನ ಅಧ್ಯಕ್ಷರು ಪಾಸ್‌ವರ್ಡ್ ಬರೆದ ಚೀಟಿಯನ್ನು ಕೈಗೆ ಕೊಟ್ಟರು. ನನಗಿದ್ದ ಅರ್ಹತೆ ಅಷ್ಟೇ. ಅಂದಿನಿಂದ ಫೋಟೋ, ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿ, ವಿದ್ಯಾರ್ಥಿವೇತನದ ಅರ್ಜಿ ನಮೂನೆ ಹೀಗೆ ಏನೇ ಇದ್ದರೂ ಬ್ರೌಸರ್ ತೆರೆದು ಸರ್ವರ್‌ಗೆ ಏರಿಸುವುದು, ಬೇಕಾದಾಗ ಇಳಿಸಿಕೊಳ್ಳುವುದು ಮಾಡುತ್ತಾ ಬಂದಿದ್ದೇನೆ. ಮಾಡುತ್ತಾ ಕಲಿತದ್ದು ಹೆಚ್ಚು, ಕೆಡಿಸಿ ಕಲಿತದ್ದು ಇನ್ನೂ ಹೆಚ್ಚು.

ಕೆಡಿಸಿದ್ದನ್ನೇ ಮೊದಲು ಹೇಳುತ್ತೇನೆ. ನಮ್ಮ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರ ಬಳಿ ಅವರ ತಂದೆ ಬರೆದ ಕೀರ್ದಿ ಪುಸ್ತಕವಿತ್ತು. ಹೆಸರಿಗೆ ಕೀರ್ದಿ, ಒಳಗೆ ಲೆಕ್ಕದ ಜೊತೆಗೆ ಆ ವರ್ಷದ ಮಳೆ, ಜೋಳದ ಧಾರಣೆ, ಮನೆಯಲ್ಲಿ ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಲ್ಲವೂ ಇತ್ತು. ಅವರ ಮೊಮ್ಮಗ ಪುಟ ಪುಟವನ್ನೂ ಫೋಟೋ ತೆಗೆದು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ. ಒಟ್ಟು 74 ಫೋಟೋ. "ಸರ್ವರ್‌ನಲ್ಲಿ ಹಾಕಿಡಿ ಕಾಕಾ, ಎಲ್ಲಿಗೂ ಹೋಗುವುದಿಲ್ಲ" ಎಂದ. ಎಲ್ಲವನ್ನೂ ಒಟ್ಟಿಗೆ ಆಯ್ಕೆ ಮಾಡಿ ಅಪ್‌ಲೋಡ್ ಒತ್ತಿದೆ. ಅಷ್ಟರಲ್ಲಿ ಗಿರಾಕಿ ಬಂದರು, ಎದ್ದು ಹೋದೆ. ಬಂದು ನೋಡಿದಾಗ ಪಟ್ಟಿಯಲ್ಲಿ 74 ಹೆಸರುಗಳೂ ಇದ್ದವು. ಎಣಿಸಿದೆ ಕೂಡ. ಸರಿ ಎಂದು ಪೆನ್‌ಡ್ರೈವ್ ಅಳಿಸಿ, ಮರುದಿನ ಅದರಲ್ಲೇ ಬೇರೆ ಲೆಕ್ಕ ತುಂಬಿಕೊಂಡೆ.

ಎರಡು ವರ್ಷದ ನಂತರ ಯಾರೋ ಕೇಳಿದರೆಂದು ತೆರೆದಾಗ 43 ಪುಟ ಸರಿಯಾಗಿದ್ದವು. 44ನೆಯದರ ಮೇಲಿನ ಅರ್ಧ ಅಕ್ಷರ, ಕೆಳಗಿನ ಅರ್ಧ ಬರೀ ಬೂದು ಬಣ್ಣ. ಉಳಿದ 30 ಫೈಲ್‌ಗಳಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ, ಗಾತ್ರ ಸೊನ್ನೆ. ಅಷ್ಟರಲ್ಲಿ ಹಿರಿಯರು ಹೋಗಿದ್ದರು, ಮೊಮ್ಮಗ ಫೋನ್ ಬದಲಿಸಿದ್ದ, ಹಳೆಯ ಮನೆ ಖಾಲಿ ಮಾಡುವಾಗ ಪುಸ್ತಕ ರದ್ದಿ ಕಾಗದದ ಜೊತೆ ಹೋಗಿತ್ತು.

ಆದದ್ದೇನೆಂದು ಆಮೇಲೆ ತಿಳಿಯಿತು. ನಮ್ಮ ಖಾತೆಗೆ ಸರ್ವರ್‌ನಲ್ಲಿ ಕೊಟ್ಟಿದ್ದ ಜಾಗ 1 ಜಿಬಿ. ಸಂಘದ ಇಮೇಲ್‌ಗೆ ಬಂದು ಬಿದ್ದ, ಯಾರೂ ತೆರೆಯದ ಜಾಹೀರಾತು ಪತ್ರಗಳೂ ಅದೇ ಜಾಗದಲ್ಲಿ ಕೂತಿದ್ದವು. 44ನೆಯ ಫೋಟೋ ಅರ್ಧ ಬರುವಾಗ ಜಾಗ ತುಂಬಿತು. ಸರ್ವರ್ ಮೊದಲು ಹೆಸರು ಬರೆದುಕೊಳ್ಳುತ್ತದೆ, ಆಮೇಲೆ ಸರಕು ತುಂಬುತ್ತದೆ. ಹೆಸರು ಬರೆಯಲು ಜಾಗ ಸಾಕಾಯಿತು, ಸರಕಿಗೆ ಸಾಲಲಿಲ್ಲ. ನಾನು ಎಣಿಸಿದ್ದು ಹೆಸರುಗಳನ್ನು. ನಲವತ್ತು ವರ್ಷ ಚೀಲ ಎಣಿಸಿ ಇಳಿಸಿಕೊಂಡವನು, ಒಂದು ಚೀಲವನ್ನೂ ತೂಗಿ ನೋಡಲಿಲ್ಲ.

ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೆ. ಮಕ್ಕಳ ಅರ್ಜಿ, ಮನೆಯ ಹಳೆಯ ಫೋಟೋ, ಅಂಗಡಿಯ ರಿಟರ್ನ್, ಎಲ್ಲವೂ ಈಗ ಬ್ರೌಸರ್‌ನ ಒಂದು ಬಟನ್ ಮೂಲಕವೇ ಹೋಗುತ್ತವೆ. ಆ ಬಟನ್ ಒತ್ತಿದ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ನನ್ನಂತೆ ಆಗುವುದು ತಪ್ಪುತ್ತದೆ.

ಸರ್ವರ್ ಎಂದರೆ

ಸರ್ವರ್ ಎಂದರೆ ಆಕಾಶದಲ್ಲಿರುವ ಯಾವುದೋ ಮೋಡವಲ್ಲ. ಎಲ್ಲೋ ಒಂದು ಕಟ್ಟಡದಲ್ಲಿ ಹಗಲು ರಾತ್ರಿ ಚಾಲೂ ಇರುವ ಇನ್ನೊಂದು ಕಂಪ್ಯೂಟರ್. ನಿಮ್ಮ ಕಂಪ್ಯೂಟರ್‌ನಿಂದ ಅಲ್ಲಿಗೆ ಕಳುಹಿಸಿದರೆ ಅಪ್‌ಲೋಡ್, ಅಲ್ಲಿಂದ ನಿಮ್ಮ ಕಡೆಗೆ ತರಿಸಿಕೊಂಡರೆ ಡೌನ್‌ಲೋಡ್. ಎರಡರಲ್ಲೂ ಹೋಗುವುದು ನಕಲು ಮಾತ್ರ, ಮೂಲ ಇದ್ದಲ್ಲೇ ಇರುತ್ತದೆ. ಇದು ಲಾರಿ ಆಫೀಸಿನ ವ್ಯವಹಾರಕ್ಕಿಂತ ಬೇರೆ. ಅಲ್ಲಿ ಚೀಲ ಕಳುಹಿಸಿದರೆ ನಮ್ಮ ಗೋದಾಮು ಖಾಲಿಯಾಗುತ್ತದೆ, ಇಲ್ಲಿ ಆಗುವುದಿಲ್ಲ. ಆದ್ದರಿಂದ ಮೂಲವನ್ನು ಅಳಿಸುವ ಅವಸರ ಯಾರಿಗೂ ಇರಬೇಕಾಗಿಲ್ಲ. ನನಗೆ ಅವಸರವಿತ್ತು, ಅದಕ್ಕೆ ಕಾರಣ ಒಂದು ಪೆನ್‌ಡ್ರೈವ್ ಉಳಿಸುವ ಜಿಪುಣತನ.

ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ನಿಯಮವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬರು ನಮ್ಮ ದೇಶದವರೇ. ಅಲಹಾಬಾದ್‌ನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್ ಅವರು 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿ ಎಂಬ ಕ್ರಮದ ಮೊದಲ ಕರಡು ಬರೆದರು. ಆಗ ವೆಬ್ ಎನ್ನುವುದೇ ಇರಲಿಲ್ಲ, ಅದು ಬಂದದ್ದು ಸುಮಾರು ಇಪ್ಪತ್ತು ವರ್ಷದ ನಂತರ. ವೆಬ್ ಬಂದಾಗಲೂ ನಮ್ಮಂಥವರಿಗೆ ಬ್ರೌಸರ್ ಎಂದರೆ ತರಿಸಿಕೊಂಡು ಓದುವ ಸಾಧನ. ಇಲ್ಲಿಂದ ಫೈಲ್ ಕಳುಹಿಸಬೇಕಾದರೆ ಎಫ್‌ಟಿಪಿಯ ಬೇರೆ ತಂತ್ರಾಂಶ ಬೇಕಿತ್ತು. 1995ರ ನವೆಂಬರ್‌ನಲ್ಲಿ ಝೆರಾಕ್ಸ್ ಕಂಪನಿಯ ಎರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಾಸಿಂಟರ್ ಎಂಬಿಬ್ಬರು ವೆಬ್ ಪುಟದ ಅರ್ಜಿ ನಮೂನೆಯಲ್ಲೇ ಫೈಲ್ ಲಗತ್ತಿಸುವ ಬಗೆಯನ್ನು ಪ್ರಕಟಿಸಿದರು. ಇವತ್ತು ನಾವು ಒತ್ತುವ 'ಚೂಸ್ ಫೈಲ್' ಬಟನ್‌ನ ಬೇರು ಅಲ್ಲಿದೆ. ನಕಲಿಗೆ ನಾವು 'ಝೆರಾಕ್ಸ್' ಎಂದೇ ಹೇಳುವವರು. ಅಪ್‌ಲೋಡ್ ಎಂಬ ನಕಲಿನ ಕೆಲಸವೂ ಅದೇ ಕಂಪನಿಯವರಿಂದ ಬಂದದ್ದು ತಿಳಿದಾಗ ನನಗೆ ನಗು ಬಂತು.

ಹಳೆಯ ಎಫ್‌ಟಿಪಿಯಲ್ಲಿ ಒಂದು ದೊಡ್ಡ ದೋಷವಿತ್ತು. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಹೋಗದೆ ಪೋಸ್ಟ್ ಕಾರ್ಡಿನಲ್ಲಿ ಬರೆದಂತೆ ಹೋಗುತ್ತಿತ್ತು. ದಾರಿಯಲ್ಲಿ ಇಣುಕಿದವರು ಓದಬಹುದಿತ್ತು. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿ ವಿಳಾಸ ತೆರೆಯುವುದನ್ನೇ ನಿಲ್ಲಿಸಿದವು. ಈಗ ಬ್ರೌಸರ್‌ನಲ್ಲಿ ಮಾಡುವ ಕೆಲಸ ಎಚ್‌ಟಿಟಿಪಿಎಸ್ ಮೂಲಕ ನಡೆಯುತ್ತದೆ. ಆ ಹೆಸರಿನ ಕೊನೆಗಿರುವ 'ಎಸ್' ಲಕೋಟೆಗೆ ಹಾಕಿದ ಅಂಟು ಎಂದು ತಿಳಿಯಿರಿ. ಆದರೆ ಅಂಟು ಹಾಕಿದ ಲಕೋಟೆಯನ್ನು ಮೋಸಗಾರನ ವಿಳಾಸಕ್ಕೂ ಕಳುಹಿಸಬಹುದು. ವಿಳಾಸದ ಅಕ್ಷರಗಳನ್ನು ನಾವೇ ಓದಿ ನೋಡಬೇಕು.

ಬಟನ್ ಒತ್ತಿದ ಮೇಲೆ

ಫೈಲ್ ಇಡಿಯಾಗಿ ಹೋಗುವುದಿಲ್ಲ. 3 ಎಂಬಿಯ ಒಂದು ಫೋಟೋ ಸುಮಾರು 2,000 ಸಣ್ಣ ತುಂಡುಗಳಾಗಿ ಹೋಗುತ್ತದೆ. ಪ್ರತಿ ತುಂಡಿಗೂ ಕ್ರಮ ಇರುತ್ತದೆ. ಆ ಕಡೆಯವರು ತಲುಪಿತೆಂದು ಹೇಳದಿದ್ದರೆ ಈ ಕಡೆಯವರು ಮತ್ತೆ ಕಳುಹಿಸುತ್ತಾರೆ. ಹಾಗಾಗಿ ದಾರಿಯಲ್ಲಿ ಸೋರಿಹೋಗುವುದು ಬಹಳ ಕಡಿಮೆ. ತೊಂದರೆ ಇರುವುದು ಎರಡು ತುದಿಗಳಲ್ಲಿ: ಈ ಕಡೆ ಕರೆಂಟ್ ಅಥವಾ ನೆಟ್ ಹೋಗುವುದು, ಆ ಕಡೆ ಜಾಗ ಇಲ್ಲದಿರುವುದು ಅಥವಾ ಸರ್ವರ್ ಒಪ್ಪಿಕೊಳ್ಳದಿರುವುದು.

ಸರ್ವರ್ ಒಪ್ಪದಿರಲು ದೊಡ್ಡ ಕಾರಣ ಗಾತ್ರ. ಬಹಳ ವೆಬ್‌ಸೈಟ್‌ಗಳು ಪಿಎಚ್‌ಪಿ ಎಂಬ ಭಾಷೆಯಲ್ಲಿ ನಡೆಯುತ್ತವೆ. ಅದರಲ್ಲಿ ಯಾರೂ ಬದಲಾಯಿಸದಿದ್ದರೆ ಒಂದು ಫೈಲ್‌ಗೆ 2 ಎಂಬಿ, ಇಡೀ ಅರ್ಜಿಗೆ 8 ಎಂಬಿ ಎಂಬ ಮಿತಿ ಮೊದಲೇ ಇರುತ್ತದೆ. ಈಗಿನ ಫೋನಿನ ಒಂದು ಫೋಟೋವೇ ಎಷ್ಟೋ ಸಲ 2 ಎಂಬಿ ದಾಟುತ್ತದೆ. ಒಟ್ಟು ಮಿತಿ ದಾಟಿದಾಗ ಇನ್ನೊಂದು ವಿಚಿತ್ರ ಆಗುತ್ತದೆ: ನೀವು ತುಂಬಿದ ಹೆಸರು, ವಿಳಾಸ, ಅಂಕ ಯಾವುದೂ ಪಿಎಚ್‌ಪಿಯ ಕೈಗೆ ಸಿಗುವುದಿಲ್ಲ. ಅರ್ಜಿ ಖಾಲಿಯಾಗಿ ಬಂದಿದೆ ಎಂದೇ ಅದು ತಿಳಿಯುತ್ತದೆ. "ಎಲ್ಲವನ್ನೂ ತುಂಬಿದ್ದೆ, 'ಹೆಸರು ಬರೆಯಿರಿ' ಎಂದು ಮತ್ತೆ ಕೇಳುತ್ತಿದೆ" ಎಂದು ಮಕ್ಕಳು ಅಳುವುದು ಕೆಲವು ಸಲ ಇದೇ ಕಾರಣಕ್ಕೆ. ತಪ್ಪು ಹೆಸರಿನಲ್ಲಿಲ್ಲ, ಲಗತ್ತಿಸಿದ ಅಂಕಪಟ್ಟಿಯ ಗಾತ್ರದಲ್ಲಿದೆ. ಇನ್ನು ಕೆಲವು ಸರ್ವರ್‌ಗಳು ನೇರವಾಗಿ '413' ಎಂಬ ಸಂಖ್ಯೆ ತೋರಿಸುತ್ತವೆ. ಅದರ ಅರ್ಥವೂ 'ಸರಕು ಹೆಚ್ಚಾಯಿತು' ಎಂದೇ. '403' ಎಂದರೆ ಒಳಗೆ ಬರಲು ಅಪ್ಪಣೆ ಇಲ್ಲ, '404' ಎಂದರೆ ಆ ವಿಳಾಸದಲ್ಲಿ ಏನೂ ಇಲ್ಲ. ಇಷ್ಟು ಮೂರು ಸಂಖ್ಯೆ ನೆನಪಿದ್ದರೆ ಅರ್ಧ ಗಾಬರಿ ಕಡಿಮೆ.

ಈಗ ಆ ಹಸಿರು ಗೆರೆಯ ವಿಷಯ. ಶೇಕಡಾ 100 ಎಂದು ತೋರಿಸಿದರೆ ಬಹಳ ಮಂದಿ ಕೆಲಸ ಮುಗಿಯಿತೆಂದು ಕಿಟಕಿ ಮುಚ್ಚುತ್ತಾರೆ. ಆ ಗೆರೆ ಹೇಳುವುದು ನಿಮ್ಮ ಕಡೆಯಿಂದ ಎಷ್ಟು ಹೊರಟಿತು ಎಂಬುದನ್ನು ಮಾತ್ರ. ಅಲ್ಲಿ ಇಳಿದ ಫೈಲ್ ಮೊದಲು ಒಂದು ತಾತ್ಕಾಲಿಕ ಜಾಗದಲ್ಲಿ, ತಾತ್ಕಾಲಿಕ ಹೆಸರಿನಲ್ಲಿ ಕೂರುತ್ತದೆ. ಸರ್ವರ್ ಅದನ್ನು ಪರೀಕ್ಷಿಸಿ ಸರಿಯಾದ ಫೋಲ್ಡರ್‌ಗೆ ಎತ್ತಿಡಬೇಕು. ಎತ್ತಿಡದಿದ್ದರೆ ತಾತ್ಕಾಲಿಕ ನಕಲು ತಾನಾಗಿಯೇ ಅಳಿಸಿಹೋಗುತ್ತದೆ. ಲಾರಿ ಹೊರಟಿದ್ದಕ್ಕೆ ರಸೀದಿ ಬೇರೆ, ಮಾಲು ಮುಟ್ಟಿದ್ದಕ್ಕೆ ಸಹಿ ಬೇರೆ ಎಂದು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಇದನ್ನು ನಾವೆಲ್ಲ ಅನುಭವಿಸಿದೆವು. ಮಾರಾಟದ ವಿವರವನ್ನು ಆಫ್‌ಲೈನ್ ತಂತ್ರಾಂಶದಲ್ಲಿ ತುಂಬಿ ಜೇಸನ್ ಎಂಬ ಫೈಲ್ ಮಾಡಿ ಪೋರ್ಟಲ್‌ಗೆ ಏರಿಸುತ್ತೇವೆ. ಏರಿಸಿದ ತಕ್ಷಣ 'ಅಪ್‌ಲೋಡ್ ಯಶಸ್ವಿ' ಎಂಬರ್ಥದ ಸಂದೇಶ ಬರುತ್ತದೆ. ಆದರೆ ಸ್ವಲ್ಪ ಹೊತ್ತು ಬಿಟ್ಟು ಅಪ್‌ಲೋಡ್ ಹಿಸ್ಟರಿ ತೆರೆದರೆ ಕೆಲವೊಮ್ಮೆ 'ಪ್ರೊಸೆಸ್ಡ್ ವಿತ್ ಎರರ್' ಎಂದಿರುತ್ತದೆ, ಅಂದರೆ ಕೆಲವು ಬಿಲ್‌ಗಳನ್ನು ಅದು ಸ್ವೀಕರಿಸಿಲ್ಲ. ಫೈಲ್ ತಲುಪಿದ್ದು ಬೇರೆ, ಅದರೊಳಗಿನದನ್ನು ಒಪ್ಪಿದ್ದು ಬೇರೆ. ಅಂದಿನಿಂದ ನಾನು ಯಾವ ಪೋರ್ಟಲ್‌ನಲ್ಲೇ ಆಗಲಿ, ಏರಿಸಿದ ಮೇಲೆ ಹೊರಗೆ ಬಂದು ಮತ್ತೆ ಲಾಗಿನ್ ಆಗಿ, ಏರಿಸಿದ್ದು ತೆರೆಯುತ್ತದೆಯೇ ಎಂದು ನೋಡುತ್ತೇನೆ. ಮಕ್ಕಳು ಬೇಸರಪಡುತ್ತಾರೆ. ಪಡಲಿ.

ಕಳುಹಿಸುವುದಕ್ಕೆ ಯಾಕೆ ಇಷ್ಟು ಹೊತ್ತು ಎಂದು ಕೇಳುವವರೂ ಇದ್ದಾರೆ. ನೆಟ್ ಕಂಪನಿಯವರು ಹೇಳುವುದು ಮೆಗಾಬಿಟ್ ಲೆಕ್ಕ, ಫೈಲ್ ಇರುವುದು ಮೆಗಾಬೈಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್. ಮೇಲಾಗಿ ಬಹಳ ಸಂಪರ್ಕಗಳಲ್ಲಿ ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಕಳುಹಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ 100 ಎಂಬಿ ಫೈಲ್‌ಗೆ 400 ಸೆಕೆಂಡ್, ಎಂದರೆ ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ. ಗೂಗಲ್ ಡ್ರೈವ್‌ನಂಥವು ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಸುವ ವ್ಯವಸ್ಥೆ ಇಟ್ಟುಕೊಂಡಿವೆ. ಸಾಮಾನ್ಯ ಅರ್ಜಿ ನಮೂನೆಗಳಲ್ಲಿ ಅದು ಇರುವುದಿಲ್ಲ, ಮತ್ತೆ ಮೊದಲಿನಿಂದ ಶುರು. ಕೊನೆಯ ದಿನದ ಸಂಜೆ ಅರ್ಜಿ ಹಾಕುವವರು ಇದನ್ನು ಗಮನಿಸಬೇಕು.

ಫೈಲ್ ಮ್ಯಾನೇಜರ್‌ನ ಒಳಗೆ

ಊರಿನ ಸಂಘ, ಟ್ರಸ್ಟ್, ಶಾಲೆಗಳ ವೆಬ್‌ಸೈಟ್ ನೋಡಿಕೊಳ್ಳುವ ಸ್ವಯಂಸೇವಕರಿಗೆ ಈ ಭಾಗ. ಹೋಸ್ಟಿಂಗ್ ತೆಗೆದುಕೊಂಡಾಗ ಸಾಮಾನ್ಯವಾಗಿ ಸಿಪ್ಯಾನೆಲ್‌ನಂಥ ಒಂದು ಹಲಗೆ ಸಿಗುತ್ತದೆ. ಅದರಲ್ಲಿ 'ಫೈಲ್ ಮ್ಯಾನೇಜರ್' ಒತ್ತಿದರೆ ಸರ್ವರ್‌ನ ಫೋಲ್ಡರ್‌ಗಳು ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತವೆ. ಬೇರೆ ತಂತ್ರಾಂಶ ಬೇಡ, ಅಂಗಡಿಯ ಹಳೆಯ ಕಂಪ್ಯೂಟರ್ ಸಾಕು.

ಅಲ್ಲಿ ಮೊದಲು ಗುರುತಿಸಬೇಕಾದದ್ದು 'ಪಬ್ಲಿಕ್' ಎಂದು ಶುರುವಾಗುವ ಹೆಸರಿನ ಫೋಲ್ಡರ್. ಅದರ ಒಳಗಿಟ್ಟದ್ದೆಲ್ಲ ಅಂಗಡಿಯ ಮುಂಗಟ್ಟಿನಲ್ಲಿ ಹರವಿದ ಮಾಲಿನಂತೆ, ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಅದರ ಹೊರಗಿಟ್ಟದ್ದು ಒಳಗಿನ ಗೋದಾಮು. ಈ ವ್ಯತ್ಯಾಸ ತಿಳಿಯದೆ ನಾನು ಮಾಡಿದ ಎರಡನೆಯ ತಪ್ಪು ಕೀರ್ದಿ ಪುಸ್ತಕಕ್ಕಿಂತ ಹೆಚ್ಚು ಜನರಿಗೆ ತಟ್ಟುವಂಥದ್ದು.

ಊರಿನ ನಮ್ಮ ಕುಟುಂಬಗಳ ವಿಳಾಸ ಪುಸ್ತಕ ಮಾಡುವಾಗ ಹೆಸರು, ಮೊಬೈಲ್ ಸಂಖ್ಯೆ, ಹುಟ್ಟಿದ ದಿನಾಂಕ ಎಲ್ಲ ಇದ್ದ ಎಕ್ಸೆಲ್ ಹಾಳೆಯನ್ನು ಮನೆಯಿಂದಲೂ ನೋಡಲು ಅನುಕೂಲವಾಗಲಿ ಎಂದು ಆ ಮುಂಗಟ್ಟಿನ ಫೋಲ್ಡರ್‌ನಲ್ಲಿ ಇಟ್ಟೆ. ಅದಕ್ಕೆ ಯಾವ ಪುಟದಿಂದಲೂ ಕೊಂಡಿ ಕೊಟ್ಟಿರಲಿಲ್ಲ. ವಿಳಾಸ ಗೊತ್ತಿಲ್ಲದವರು ಹೇಗೆ ನೋಡಿಯಾರು ಎಂದು ನನ್ನ ಧೈರ್ಯ. ಆದರೆ ಒಂದು ಫೋಲ್ಡರ್‌ನಲ್ಲಿ 'ಇಂಡೆಕ್ಸ್' ಎಂಬ ಮುಖಪುಟ ಇಲ್ಲದಿದ್ದರೆ, ಮತ್ತು ಸರ್ವರ್‌ನ ವ್ಯವಸ್ಥೆಯಲ್ಲಿ ಅದನ್ನು ತಡೆಯದಿದ್ದರೆ, ಫೋಲ್ಡರ್ ಹೆಸರು ಒತ್ತಿದವರಿಗೆ ಒಳಗಿನ ಎಲ್ಲ ಫೈಲ್‌ಗಳ ಪಟ್ಟಿಯನ್ನು ಸರ್ವರ್ ತಾನೇ ತೋರಿಸುತ್ತದೆ. ಹುಡುಕಾಟ ಯಂತ್ರಗಳು ಅಂಥ ಪಟ್ಟಿ ಹಿಡಿದೇ ಒಳಗೆ ಬರುತ್ತವೆ. ಕೆಲವು ತಿಂಗಳ ನಂತರ ಪುಣೆಯಲ್ಲಿರುವ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ತನ್ನ ಹೆಸರು ಹಾಕಿ ಹುಡುಕಿದರೆ ಮೊದಲ ಪುಟದಲ್ಲೇ ನಮ್ಮ ಎಕ್ಸೆಲ್ ಹಾಳೆ. ತಂದೆಯ ಮೊಬೈಲ್ ಸಂಖ್ಯೆ, ತನ್ನ ಜನ್ಮ ದಿನಾಂಕ ಎಲ್ಲವೂ. ಅವಳು ಫೋನಿನಲ್ಲಿ ಬೈಯಲಿಲ್ಲ, "ಮಾಮಾ, ಇದನ್ನು ನೀವು ಹಾಕಿದ್ದಾ?" ಎಂದಳು ಅಷ್ಟೆ. ಆ ರಾತ್ರಿಯೇ ಅಳಿಸಿದೆ, ಹುಡುಕಾಟ ಯಂತ್ರಕ್ಕೆ ತೆಗೆಯಲು ಮನವಿ ಹಾಕಿದೆ. ಅಷ್ಟರಲ್ಲಿ ಯಾರು ಯಾರು ಇಳಿಸಿಕೊಂಡಿದ್ದಾರೋ, ಅದನ್ನು ವಾಪಸ್ ಕರೆಯುವ ಉಪಾಯ ಇಲ್ಲ.

ಕೆಲವರು 'ರೋಬೋಟ್ಸ್' ಎಂಬ ಸಣ್ಣ ಫೈಲ್‌ನಲ್ಲಿ 'ಈ ಫೋಲ್ಡರ್‌ಗೆ ಬರಬೇಡಿ' ಎಂದು ಬರೆದಿಟ್ಟರೆ ಸಾಕು ಎನ್ನುತ್ತಾರೆ. ಅದು ವಿನಂತಿ, ಬೀಗವಲ್ಲ. ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದಾದ್ದರಿಂದ, ಒಡವೆ ಎಲ್ಲಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದಂತೆಯೂ ಆಗುತ್ತದೆ. ಕುಟುಂಬಗಳ ಮಾಹಿತಿ ಮುಂಗಟ್ಟಿಗೆ ಬರಲೇಬಾರದು, ಬಂದರೆ ಪಾಸ್‌ವರ್ಡ್ ಇರಬೇಕು. ಗೂಗಲ್ ಡ್ರೈವ್‌ನಲ್ಲಿ 'ಲಿಂಕ್ ಇರುವ ಎಲ್ಲರೂ ನೋಡಬಹುದು' ಎಂದು ಬಿಟ್ಟರೂ ಇದೇ ಕಥೆ. ಲಿಂಕ್ ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು?

ಮುಂದೆ, ಹೆಸರಿನ ವಿಷಯ. ವಿಂಡೋಸ್ ಕಂಪ್ಯೂಟರ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಬಹಳ ಸರ್ವರ್‌ಗಳು ನಡೆಯುವ ಲಿನಕ್ಸ್‌ಗೆ ಅವು ಬೇರೆ ಬೇರೆ. ಮನೆಯಲ್ಲಿ ಕಾಣುತ್ತಿದ್ದ ಫೋಟೋ ಸರ್ವರ್‌ಗೆ ಹೋದ ಮೇಲೆ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಇದು. ಹೆಸರಿನ ನಡುವೆ ಖಾಲಿ ಜಾಗ ಬಿಡಬೇಡಿ. ಕನ್ನಡದಲ್ಲೂ ಹೆಸರಿಡಬಹುದು, ಸರ್ವರ್ ಬೇಡ ಎನ್ನುವುದಿಲ್ಲ. ಆದರೆ ವೆಬ್ ವಿಳಾಸದಲ್ಲಿ ಪ್ರತಿ ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. 'ಪಟ್ಟಿ' ಎಂಬ ಎರಡಕ್ಷರದ ಪದ ಕಂಪ್ಯೂಟರ್ ಲೆಕ್ಕದಲ್ಲಿ ಐದು ಚಿಹ್ನೆ, ವಿಳಾಸದಲ್ಲಿ 45 ಅಕ್ಷರ. ಆ ಉದ್ದದ ಲಿಂಕನ್ನು ಸಂದೇಶದಲ್ಲಿ ಕಳುಹಿಸಿದರೆ ನಡುವೆ ತುಂಡಾಗಿ ತೆರೆಯದೇ ಹೋಗುವುದುಂಟು. ಕನ್ನಡದ ಅಭಿಮಾನ ಫೈಲ್‌ನ ಒಳಗಿರಲಿ, ಹೆಸರು ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಒಂದೇ ಹೆಸರಿನ ಫೈಲನ್ನು ಮತ್ತೆ ಏರಿಸಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಅಳಿಸಿದ ಫೈಲನ್ನು ಕಸದ ಬುಟ್ಟಿಯಿಂದ ಎತ್ತಿಕೊಳ್ಳಬಹುದು, ಮೇಲೆ ಬರೆದ ಫೈಲ್‌ಗೆ ಆ ಬುಟ್ಟಿಯೂ ಇಲ್ಲ. 'ಓವರ್‌ರೈಟ್' ಎಂಬ ಚೌಕಕ್ಕೆ ಗುರುತು ಹಾಕುವ ಮೊದಲು ಹಳೆಯದನ್ನು ಇಳಿಸಿಟ್ಟುಕೊಳ್ಳಿ. ಇನ್ನು ಹೊಸದನ್ನು ಏರಿಸಿದ ಮೇಲೂ ಪುಟದಲ್ಲಿ ಹಳೆಯದೇ ಕಂಡರೆ ಗಾಬರಿ ಬೇಡ. ಬ್ರೌಸರ್ ತಾನು ಹಿಂದೆ ತಂದಿಟ್ಟುಕೊಂಡ ನಕಲನ್ನು ತೋರಿಸುತ್ತಿರುತ್ತದೆ. ಕಂಟ್ರೋಲ್ ಕೀ ಹಿಡಿದು ಎಫ್5 ಒತ್ತಿದರೆ ಸರ್ವರ್‌ನಿಂದ ಮತ್ತೆ ತರಿಸುತ್ತದೆ. ಇದು ತಿಳಿಯದೆ ಒಂದು ಆಮಂತ್ರಣ ಪತ್ರಿಕೆಯನ್ನು ನಾನು ಐದು ಸಲ ಏರಿಸಿದ್ದೆ.

ವಾಪಸ್ ತರಿಸಿ ನೋಡುವುದು

ಕೀರ್ದಿ ಪುಸ್ತಕದ ನಂತರ ನಾನು ಪಾಲಿಸುವ ಕ್ರಮ ಇಷ್ಟೇ. ಬಹಳ ಫೈಲ್‌ಗಳಿದ್ದರೆ ಮನೆಯಲ್ಲೇ ಎಲ್ಲವನ್ನೂ ಜಿಪ್ ಮಾಡಿ ಒಂದೇ ಗಂಟು ಕಟ್ಟುತ್ತೇನೆ. ಏರಿಸುವ ಮೊದಲು ಅದರ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ; ವಿಂಡೋಸ್‌ನಲ್ಲಿ ಫೈಲ್ ಮೇಲೆ ಬಲ ಬಟನ್ ಒತ್ತಿ ಪ್ರಾಪರ್ಟೀಸ್ ನೋಡಿದರೆ ಪೂರ್ತಿ ಸಂಖ್ಯೆ ಸಿಗುತ್ತದೆ. ಏರಿಸಿದ ಮೇಲೆ ಅದೇ ಗಂಟನ್ನು ಬೇರೆ ಫೋಲ್ಡರ್‌ಗೆ ಡೌನ್‌ಲೋಡ್ ಮಾಡಿ ಸಂಖ್ಯೆ ಹೋಲಿಸುತ್ತೇನೆ, ನಂತರ ಬಿಚ್ಚಿ ಮೊದಲನೆಯದು, ನಡುವಿನದು, ಕೊನೆಯದು ತೆರೆದು ನೋಡುತ್ತೇನೆ. ಜಿಪ್‌ನಲ್ಲಿ ಒಂದು ಅನುಕೂಲವಿದೆ: ಪ್ರತಿ ಫೈಲ್‌ನ ಜೊತೆಗೂ ತಾಳೆ ನೋಡುವ ಒಂದು ಸಂಖ್ಯೆ ಒಳಗೇ ಇರುತ್ತದೆ. ಗಂಟು ಅರ್ಧ ಬಂದಿದ್ದರೆ ಅಥವಾ ಕೆಟ್ಟಿದ್ದರೆ ಬಿಚ್ಚುವಾಗಲೇ ದೂರುತ್ತದೆ. ಬಿಡಿ ಫೋಟೋಗಳು ಹಾಗೆ ದೂರುವುದಿಲ್ಲ, ಬೂದು ಬಣ್ಣ ತೋರಿಸಿ ಸುಮ್ಮನಿರುತ್ತವೆ. ಈ ಪರೀಕ್ಷೆ ಮುಗಿಯುವವರೆಗೆ ಮೂಲವನ್ನು ಮುಟ್ಟುವುದಿಲ್ಲ. ಮುಗಿದ ಮೇಲೂ ಒಂದು ಪ್ರತಿ ಮನೆಯ ಕಪಾಟಿನಲ್ಲಿರುತ್ತದೆ, ಏಕೆಂದರೆ ಹೋಸ್ಟಿಂಗ್‌ನ ವಾರ್ಷಿಕ ಹಣ ಕಟ್ಟಲು ಮರೆತ ವರ್ಷ ಸರ್ವರ್‌ನಲ್ಲಿದ್ದದ್ದೂ ಹೋಗುತ್ತದೆ.

ಸರ್ವರ್‌ನಿಂದ ಇಡೀ ಫೋಲ್ಡರ್ ಇಳಿಸಬೇಕೆಂದರೆ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್ ಬಿಡುವುದಿಲ್ಲ, ಒಂದೊಂದೇ ಫೈಲ್ ಕೊಡುತ್ತದೆ. ಅಲ್ಲೇ 'ಕಂಪ್ರೆಸ್' ಒತ್ತಿ ಜಿಪ್ ಮಾಡಿಸಿ ಆಮೇಲೆ ಇಳಿಸಬೇಕು. ಇಳಿದ ಗಂಟನ್ನು ಪರೀಕ್ಷಿಸಿದ ಮೇಲೆ ಸರ್ವರ್‌ನಲ್ಲಿರುವ ಆ ಜಿಪ್ ಅಳಿಸಲು ಮರೆಯಬೇಡಿ. ಜಾಗ ತಿನ್ನುತ್ತದೆ, ಮುಂಗಟ್ಟಿನಲ್ಲಿದ್ದರೆ ಇನ್ನೊಬ್ಬರೂ ಇಳಿಸಿಕೊಳ್ಳುತ್ತಾರೆ. ಇಳಿಯುತ್ತಿರುವಾಗ ಕ್ರೋಮ್‌ನಲ್ಲಿ ಫೈಲ್ ಹೆಸರಿನ ಬಾಲದಲ್ಲಿ 'ಸಿಆರ್‌ಡೌನ್‌ಲೋಡ್' ಎಂದೂ, ಫೈರ್‌ಫಾಕ್ಸ್‌ನಲ್ಲಿ 'ಪಾರ್ಟ್' ಎಂದೂ ಇರುತ್ತದೆ. ಆ ಬಾಲ ಇನ್ನೂ ಇದ್ದರೆ ಫೈಲ್ ಪೂರ್ತಿ ಬಂದಿಲ್ಲ. ಬಾಲ ಕತ್ತರಿಸಿ ಹೆಸರು ಬದಲಿಸಿದ ಮಾತ್ರಕ್ಕೆ ಪೂರ್ತಿ ಆಗುವುದಿಲ್ಲ.

ಕನ್ನಡದ ಹಳೆಯ ಫೈಲ್‌ಗಳದ್ದು ಪ್ರತ್ಯೇಕ ಸಮಸ್ಯೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರದಿಗಳು ಒಂದು ಬೈಟೂ ಕಡಿಮೆಯಾಗದೆ ಸರ್ವರ್‌ಗೆ ಹೋಗಿ ವಾಪಸ್ ಬರುತ್ತವೆ, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ. ಸಾಗಣೆಯಲ್ಲಿ ದೋಷವಿಲ್ಲ, ಓದುವ ಕೀಲಿ ಇಲ್ಲ. ಅಂಥವನ್ನು ಏರಿಸುವ ಮೊದಲು ಯೂನಿಕೋಡ್‌ಗೆ ಬದಲಿಸಿ, ಆಗದಿದ್ದರೆ ಫಾಂಟ್ ಒಳಗೊಂಡ ಪಿಡಿಎಫ್ ಆದರೂ ಮಾಡಿ ಜೊತೆಗಿಡಿ.

ಫೋಟೋ ಕಳುಹಿಸುವವರಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿ ಬರುತ್ತದೆ. ಪರದೆಯ ಮೇಲೆ ಚಂದ, ಪುಸ್ತಕಕ್ಕೆ ಮುದ್ರಿಸಿದರೆ ಮಸುಕು. ಕುಗ್ಗಿದ್ದನ್ನು ಮತ್ತೆ ಹಿಗ್ಗಿಸಲಾಗದು. 'ಡಾಕ್ಯುಮೆಂಟ್' ಎಂದು ಲಗತ್ತಿಸಿದರೆ ಅಥವಾ ಬ್ರೌಸರ್‌ನಲ್ಲಿ ಡ್ರೈವ್‌ಗೆ ಏರಿಸಿದರೆ ಇದ್ದ ಹಾಗೇ ಬರುತ್ತದೆ. ಇದ್ದ ಹಾಗೇ ಬರುವಾಗ ಇನ್ನೊಂದೂ ಬರುತ್ತದೆ: ಫೋನಿನಲ್ಲಿ ಸ್ಥಳ ಗುರುತು ಚಾಲೂ ಇದ್ದರೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೈಲ್‌ನ ಒಳಗೇ ಬರೆದಿರುತ್ತದೆ. ಮನೆಯಲ್ಲಿ ತೆಗೆದ ಮಗುವಿನ ಫೋಟೋವನ್ನು ಹಾಗೆಯೇ ವೆಬ್‌ಸೈಟ್‌ಗೆ ಏರಿಸಿದರೆ ಮನೆ ಎಲ್ಲಿದೆ ಎಂದು ತಿಳಿದವರು ಓದಿಕೊಳ್ಳಬಹುದು. ಮುಂಗಟ್ಟಿಗೆ ಇಡುವ ಪ್ರತಿಯಿಂದ ಆ ವಿವರ ತೆಗೆಯಬೇಕು. ವಿಂಡೋಸ್‌ನಲ್ಲಿ ಅದೇ ಪ್ರಾಪರ್ಟೀಸ್‌ನ 'ಡೀಟೇಲ್ಸ್' ಎಂಬಲ್ಲಿ ಅದಕ್ಕೆ ದಾರಿ ಇದೆ.

ಕೊನೆಗೆ ಝೆರಾಕ್ಸ್ ಅಂಗಡಿ. ನೂರಾರು ಮಕ್ಕಳು ಅರ್ಜಿ ಏರಿಸುವುದು, ಪ್ರವೇಶ ಪತ್ರ ಇಳಿಸುವುದು ಅಲ್ಲೇ. ಇಳಿಸಿದ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಆ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದಿರುತ್ತವೆ. ಅಂಗಡಿಯವರು ಕೆಟ್ಟವರಲ್ಲದಿರಬಹುದು, ಮುಂದಿನ ಗಿರಾಕಿಯ ಬಗ್ಗೆ ಯಾರೂ ಹೇಳಲಾರರು. ಮುದ್ರಣ ಮುಗಿದ ಮೇಲೆ ಲಾಗ್ ಔಟ್ ಮಾಡಿ, 'ಪಾಸ್‌ವರ್ಡ್ ಉಳಿಸಲೇ' ಎಂದು ಕೇಳಿದರೆ ಬೇಡ ಎನ್ನಿ, ಡೌನ್‌ಲೋಡ್ಸ್ ತೆರೆದು ನಿಮ್ಮ ಫೈಲ್ ಅಳಿಸಿ, ನಂತರ ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ. ಎರಡು ನಿಮಿಷದ ಕೆಲಸ. ಹಿಂದೆ ಸಾಲು ನಿಂತಿದೆ ಎಂದು ಅಂಗಡಿಯವರು ಅವಸರ ಮಾಡಿದರೂ ಮುಗಿಸಿಯೇ ಏಳಿ.